ರೋಹಿಂಗ್ಯಾ: ಮೊದಲು ಹೋದದ್ದು ಕಾರ್ಡು, ಆಮೇಲೆ ಊರು

ನಮ್ಮಲ್ಲಿ ಊರಿನ ಇತಿಹಾಸ ಬರೆಯುವವರು ಒಂದಲ್ಲ ಒಂದು ಕಡೆ ಬುಕಾನನ್‌ನನ್ನು ಎಳೆದು ತಂದೇ ತರುತ್ತಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದ ಕಂಪನಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಕೆರೆ, ಬೆಳೆ, ಜಾತಿ, ಸಂತೆ, ಕಂಡದ್ದನ್ನೆಲ್ಲ ಬರೆದಿಟ್ಟ ಮನುಷ್ಯ. ಇವನೇ ಅದಕ್ಕೆ ಐದು ವರ್ಷ ಮೊದಲು ಬರ್ಮಾದ (ಇವತ್ತಿನ ಮ್ಯಾನ್ಮಾರ್) ರಾಜಧಾನಿ ಅಮರಪುರಕ್ಕೂ ಹೋಗಿದ್ದ. ಅಲ್ಲಿಯ ಭಾಷೆಗಳ ಬಗ್ಗೆ 1799ರಲ್ಲಿ ಒಂದು ಲೇಖನ ಅಚ್ಚಾಯಿತು. ಅದರಲ್ಲಿ ಹೀಗೊಂದು ಮಾತಿದೆ: ಅರಕಾನಿನಲ್ಲಿ (ಇವತ್ತಿನ ರಖೈನ್ ರಾಜ್ಯ) ಬಹುಕಾಲದಿಂದ ನೆಲೆಸಿರುವ ಮುಸಲ್ಮಾನರು ತಮ್ಮನ್ನು 'ರೂಯಿಂಗಾ' ಎಂದು ಕರೆದುಕೊಳ್ಳುತ್ತಾರೆ, ಅಂದರೆ ಅರಕಾನಿನವರು.

ಪದಪಟ್ಟಿಯೊಂದರ ಜೊತೆಗೆ ಸುಮ್ನೆ ಬರೆದುಕೊಂಡು ಹೋದ ಸಾಲು. ಆದರೆ ಇವತ್ತು ರೋಹಿಂಗ್ಯಾ ಹೆಸರಿನ ಮೇಲೆ ವಾದ ಶುರುವಾದರೆ ಎರಡೂ ಕಡೆಯವರು ಮುಗಿಬೀಳುವುದು ಇದೇ ಸಾಲಿನ ಮೇಲೆ. ಯಾಕೆಂದರೆ ಮ್ಯಾನ್ಮಾರಿನ 1982ರ ಪೌರತ್ವ ಕಾನೂನು 1823ಕ್ಕೆ ಒಂದು ಗೆರೆ ಎಳೆದಿದೆ. ಮೊದಲ ಆಂಗ್ಲೋ-ಬರ್ಮಾ ಯುದ್ಧ ಶುರುವಾದದ್ದು 1824ರಲ್ಲಿ. ಅದಕ್ಕೆ ಮೊದಲೇ ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳು ಹುಟ್ಟಿನಿಂದಲೇ ಪೌರರು. ಆಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳು ಅರ್ಜಿ ಹಾಕಬೇಕು, ಪುರಾವೆ ಕೊಡಬೇಕು, ಕಾಯಬೇಕು. ಸರ್ಕಾರ ಮಾನ್ಯ ಮಾಡಿದ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರೇ ಇಲ್ಲ. ಅಲ್ಲಿಯ ಸೇನೆಯ ಪ್ರಕಾರ ಅದು 1950ರ ದಶಕದಲ್ಲಿ ಹುಟ್ಟಿಸಿದ ಹೆಸರು, ಇವರೆಲ್ಲ ಬಂಗಾಳಿಗಳು. 1799ರ ಲೇಖನದಲ್ಲಿ ಆ ಹೆಸರು ಬಂದುಬಿಟ್ಟಿದ್ದರೆ ಏನು ಮಾಡೋದು? ಹಾಗಾಗಿ ಬುಕಾನನ್ ಬರೆದದ್ದಕ್ಕೆ ಬೇರೆ ಅರ್ಥ ಹಚ್ಚುವ ಕಸರತ್ತು ನಡೆದೇ ಇದೆ.

ಹಾಗಂತ 1824ರ ನಂತರ ಯಾರೂ ಬರಲಿಲ್ಲ ಎಂದಲ್ಲ. ಬ್ರಿಟಿಷರು ಅರಕಾನನ್ನು ಹಿಡಿದ ಮೇಲೆ ಭತ್ತದ ಬೇಸಾಯ ಜೋರಾಗಿ ಬೆಳೆಯಿತು. ಇವತ್ತು ಸಿಟ್ವೆ ಎನ್ನುವ ಅಂದಿನ ಆಕ್ಯಾಬ್, ಅಕ್ಕಿ ಸಾಗಿಸುವ ದೊಡ್ಡ ಬಂದರಾಯಿತು. ಕೂಲಿಗೆ ಪಕ್ಕದ ಚಿತ್ತಗಾಂಗಿನಿಂದ ಜನ ಬಂದರು. ಆಗ ಎರಡೂ ಕಡೆ ಒಬ್ಬನೇ ದೊರೆ, ಗಡಿ ಎಂದರೆ ನಾಫ್ ನದಿ ಅಷ್ಟೆ, ದೋಣಿ ಹತ್ತಿದರೆ ಆಚೆ ದಡ. ಹಳಬರು, ಹೊಸಬರು ಮದುವೆಯಾಗಿ, ಜಮೀನು ಮಾಡಿ ಬೆರೆತುಹೋದರು. ನೂರೈವತ್ತು ವರ್ಷ ಆದ ಮೇಲೆ ಯಾರ ಮುತ್ತಾತ ಯಾವ ವರ್ಷ ಬಂದ ಎಂದು ಕೇಳಿದರೆ ಉತ್ತರ ಯಾರ ಹತ್ತಿರ ಇರುತ್ತದೆ? ನನ್ನ ಮುತ್ತಾತ 1823ರಲ್ಲಿ ಎಲ್ಲಿದ್ದ ಎಂದು ತೋರಿಸಲು ನನ್ನ ಹತ್ತಿರ ಒಂದು ಚೂರು ಕಾಗದವಿಲ್ಲ.

ಈ ಜನರ ಕಥೆಯನ್ನು ನಾವು ಸಾಮಾನ್ಯವಾಗಿ 2017ರಿಂದ ಕೇಳಿದ್ದೇವೆ. ಊರು ಸುಟ್ಟರು, ಜನ ಕೆಸರಲ್ಲಿ ನಡೆದು ಬಾಂಗ್ಲಾಕ್ಕೆ ಬಂದರು, ಟಿವಿಯಲ್ಲಿ ನೋಡಿದೆವು. ನನ್ನ ಪ್ರಕಾರ ಇದನ್ನು ಬೆಂಕಿಯಿಂದ ಶುರು ಮಾಡಿದರೆ ಅರ್ಥವಾಗುವುದಿಲ್ಲ, ಕಾರ್ಡಿನಿಂದ ಶುರು ಮಾಡಬೇಕು.

1948ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಕೊಟ್ಟ ರಾಷ್ಟ್ರೀಯ ನೋಂದಣಿ ಕಾರ್ಡು ಇವರಲ್ಲಿ ಎಷ್ಟೋ ಮಂದಿಯ ಹತ್ತಿರ ಇತ್ತು. ವೋಟು ಹಾಕಿದರು, ಸಂಸತ್ತಿಗೆ ಆರಿಸಿ ಬಂದರು. ಪ್ರಧಾನಿ ಊ ನು ಕಾಲದಲ್ಲಿ ಸರ್ಕಾರಿ ರೇಡಿಯೊದಲ್ಲಿ ರೋಹಿಂಗ್ಯಾ ಭಾಷೆಯ ಕಾರ್ಯಕ್ರಮವೇ ಬರುತ್ತಿತ್ತು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಗಾಳಿ ಬದಲಾಯಿತು. 1978ರಲ್ಲಿ 'ನಾಗಮಿನ್' ಹೆಸರಿನ ಕಾರ್ಯಾಚರಣೆ ನಡೆಯಿತು. ಅಕ್ರಮ ವಲಸಿಗರನ್ನು ಹುಡುಕುವುದು ಎಂಬ ನೆಪ. 2 ಲಕ್ಷಕ್ಕೂ ಹೆಚ್ಚು ಜನ ನದಿ ದಾಟಿದರು. 1989ರಿಂದ ಹಳೆ ಕಾರ್ಡು ವಾಪಸು ಕೊಡಿ, ಹೊಸದು ಕೊಡುತ್ತೇವೆ ಎಂದರು. ಕೊಟ್ಟವರ ಕೈಗೆ ಹೊಸದು ಬರಲೇ ಇಲ್ಲ. 1991-92ರಲ್ಲಿ ಮತ್ತೆ ಸುಮಾರು 2.5 ಲಕ್ಷ ಜನ ಓಡಿದರು. 1995ರಿಂದ ಒಂದು ಬಿಳಿ ಕಾರ್ಡು ಬಂತು, ತಾತ್ಕಾಲಿಕ. ಇದು ಪೌರತ್ವಕ್ಕೆ ಪುರಾವೆ ಅಲ್ಲ ಎಂಬುದೇ ಅದರ ನಿಯಮ. ತಮಾಷೆ ನೋಡಿ, ಅದೇ ಬಿಳಿ ಕಾರ್ಡು ಹಿಡಿದು 2008ರ ಜನಮತಗಣನೆಗೆ, 2010ರ ಚುನಾವಣೆಗೆ ವೋಟು ಹಾಕಿಸಿಕೊಂಡರು. ಕೆಲಸ ಆದ ಮೇಲೆ 2015ರಲ್ಲಿ ಅದನ್ನೂ ರದ್ದು ಮಾಡಿದರು. ಬುಥಿದಾಂಗ್‌ನಿಂದ 2010ರಲ್ಲಿ ಆಡಳಿತ ಪಕ್ಷದ ಟಿಕೆಟ್ ಮೇಲೇ ಗೆದ್ದಿದ್ದ ಶ್ವೆ ಮೌಂಗ್ ಎಂಬ ರೋಹಿಂಗ್ಯಾ ಸಂಸದರಿಗೆ 2015ರಲ್ಲಿ ನಾಮಪತ್ರವನ್ನೇ ತಿರಸ್ಕರಿಸಿದರು. ಅವರು ಹುಟ್ಟಿದಾಗ ಅಪ್ಪ ಅಮ್ಮ ಪೌರರಾಗಿರಲಿಲ್ಲ ಎಂಬ ಕಾರಣ ಕೊಟ್ಟು! ಅವರ ತಂದೆ ಪೊಲೀಸ್ ಇಲಾಖೆಯಲ್ಲಿ ಇದ್ದವರು.

ಇಷ್ಟು ಹೊತ್ತಿಗೆ ಉತ್ತರ ರಖೈನಿನಲ್ಲಿ ಬದುಕು ಹೇಗಿತ್ತು ಅಂದರೆ, ವರ್ಷಕ್ಕೊಮ್ಮೆ ಅಧಿಕಾರಿಗಳು ಮನೆಪಟ್ಟಿ ಹಿಡಿದು ಊರಿಗೆ ಬರುತ್ತಿದ್ದರು. ಮನೆಯವರೆಲ್ಲ ಸಾಲಾಗಿ ನಿಲ್ಲಬೇಕು. ಅಪ್ಪ, ಅಮ್ಮ, ಸೊಸೆ, ಕಂಕುಳಲ್ಲಿ ಕೂಸು. ಫೋಟೋ ಹೊಡೆಯುತ್ತಾರೆ. ಪಟ್ಟಿಯಲ್ಲಿದ್ದವರು ಆ ದಿನ ಸಿಗದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಕೆಲಸ ಹುಡುಕಿ ಆಚೆ ಹೋದ ಮಗ ವಾಪಸು ಬಂದರೆ ಅವನು ಈಗ ಅಕ್ರಮ ನುಸುಳುಕೋರ, ತನ್ನ ಮನೆಗೇ. ಕೂಸಿನ ಹೆಸರು ಸೇರಿಸಲು ದುಡ್ಡು, ಸತ್ತ ಅಜ್ಜಿಯ ಹೆಸರು ತೆಗೆಸಲೂ ದುಡ್ಡು. ಮದುವೆಗೆ ಅಪ್ಪಣೆ ಬೇಕು. ಎರಡಕ್ಕಿಂತ ಜಾಸ್ತಿ ಮಕ್ಕಳು ಬೇಡ ಎಂಬ ಆದೇಶ ಮೌಂಗ್‌ಡಾ, ಬುಥಿದಾಂಗ್ ತಾಲ್ಲೂಕುಗಳಿಗೆ ಮಾತ್ರ. ಪಕ್ಕದ ತಾಲ್ಲೂಕಿಗೆ ಹೋಗಲು ಫಾರಂ ತುಂಬಬೇಕು. ಕಾಯಿಲೆ ಬಿದ್ದು ಸಿಟ್ವೆಯ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೂ ಅದೇ ಫಾರಂ. 2014ರ ಜನಗಣತಿಯಲ್ಲಿ 'ರೋಹಿಂಗ್ಯಾ' ಎಂದು ಹೇಳಿದ ಮನೆಯನ್ನು ಎಣಿಸದೆ ಮುಂದೆ ಹೋದರು. ಹೀಗೆ ಬಿಟ್ಟುಹೋದವರ ಅಂದಾಜು ಸುಮಾರು 10.9 ಲಕ್ಷ.

ಎಲ್ಲ ಕಾರ್ಡಿನಲ್ಲೇ ಇದೆ ಎಂದು ನಾನು ಹೇಳಿದರೆ ತಿಳಿದವರು ತಕ್ಷಣ ಒಂದು ಪ್ರಶ್ನೆ ಎತ್ತುತ್ತಾರೆ: ಹಾಗಾದರೆ ಕಮಾನ್ ಜನರ ಕಥೆ ಏನು? ಅವರೂ ರಖೈನಿನ ಮುಸಲ್ಮಾನರೇ. 135ರ ಪಟ್ಟಿಯಲ್ಲಿ ಅವರ ಹೆಸರು ಇದೆ. ಆದರೂ 2012ರಲ್ಲಿ ರಖೈನ್ ಬೌದ್ಧರಿಗೂ ಮುಸಲ್ಮಾನರಿಗೂ ನಡೆದ ಗಲಭೆಯಲ್ಲಿ ಅವರ ಮನೆಗಳೂ ಉರಿದವು, ಅವರೂ ಶಿಬಿರ ಸೇರಿದರು. ಆ ವರ್ಷ ಸಿಟ್ವೆ ಸುತ್ತಮುತ್ತಲಿನ ಶಿಬಿರಗಳಿಗೆ ಸುಮಾರು 1.4 ಲಕ್ಷ ಜನರನ್ನು ತಳ್ಳಿದರು, ದೊಡ್ಡ ಭಾಗ ರೋಹಿಂಗ್ಯಾಗಳು. ಪ್ರಶ್ನೆ ಸರಿಯೇ. ಕಾರ್ಡು ಇದ್ದರೆ ಕಲ್ಲು ಬೀಳುವುದಿಲ್ಲ ಎಂದೇನಿಲ್ಲ. ಆದರೆ ಕಲ್ಲು ಬಿದ್ದ ಮೇಲೆ ದೂರು ಕೊಡಲು, ಕೋರ್ಟಿಗೆ ಹೋಗಲು, ಇನ್ನೊಂದು ಊರಿಗೆ ಹೋಗಿ ಬಾಡಿಗೆ ಮನೆ ಹಿಡಿಯಲು ಕಾರ್ಡು ಬೇಕು. ಅದಿಲ್ಲದವನಿಗೆ ಉಳಿಯುವುದು ದೋಣಿ ಒಂದೇ.

ರಖೈನ್ ಬೌದ್ಧರ ಮಾತನ್ನೂ ಇಲ್ಲಿ ಹೇಳಬೇಕು, ಅದನ್ನು ಬಿಟ್ಟರೆ ಚಿತ್ರ ಅರ್ಧ. ಅರಕಾನ್ ಒಂದು ಕಾಲಕ್ಕೆ ಮ್ರಾಕ್-ಊ ರಾಜಧಾನಿಯಾಗಿದ್ದ ಸ್ವತಂತ್ರ ರಾಜ್ಯ. 1784-85ರಲ್ಲಿ ಬರ್ಮಾದ ದೊರೆ ಬೊದಾವ್‌ಪಯ ಅದನ್ನು ಗೆದ್ದು, ಅವರು ಪ್ರಾಣದಂತೆ ಕಾಣುತ್ತಿದ್ದ ಮಹಾಮುನಿ ಬುದ್ಧನ ಮೂರ್ತಿಯನ್ನೇ ಹೊತ್ತುಕೊಂಡು ಹೋದ. ಅದು ಇವತ್ತೂ ಮಾಂಡಲೆಯಲ್ಲಿದೆ. ರಖೈನ್ ದೇಶದ ಅತಿ ಬಡ ರಾಜ್ಯಗಳಲ್ಲೊಂದು. ಕಡಲಲ್ಲಿ ಸಿಕ್ಕ ಗ್ಯಾಸು ಪೈಪಿನಲ್ಲಿ ಚೀನಾಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಮುಸಲ್ಮಾನರಿಗೆ ಬಂದೂಕು ಕೊಟ್ಟರು, ರಖೈನರು ಜಪಾನಿನ ಕಡೆ ನಿಂತರು, 1942ರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೊಂದರು. ಆ ಗಾಯ ಒಣಗಿಲ್ಲ. ಇಬ್ಬರು ಬಡವರು ಹೊಡೆದಾಡುತ್ತಿದ್ದರೆ ಮೂರನೆಯವನಿಗೆ ಆಳುವುದು ಸುಲಭ ಅಲ್ವಾ? ಸೇನೆ ಅದನ್ನು ಚೆನ್ನಾಗಿ ಅರಿತಿತ್ತು.

2017ರ ಆಗಸ್ಟ್ 25. ಆರ್ಸಾ ಎಂಬ ರೋಹಿಂಗ್ಯಾ ಉಗ್ರರ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಆ ಹೊತ್ತಿನಲ್ಲೇ ಈ ಗುಂಪು ಮೌಂಗ್‌ಡಾ ಕಡೆಯ ಹಳ್ಳಿಗಳಲ್ಲಿ ಹಿಂದೂಗಳನ್ನೂ ಕೊಂದಿತು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಲೆಕ್ಕದಲ್ಲಿ ಸತ್ತವರು 99ರವರೆಗೆ, ಹೆಂಗಸರು ಮಕ್ಕಳೂ ಸೇರಿ. ಇದನ್ನು ಮುಚ್ಚಿಟ್ಟು ರೋಹಿಂಗ್ಯಾಗಳ ಪರ ಮಾತಾಡುವುದು ಸರಿಯಲ್ಲ. ಆದರೆ ಸೇನೆಯ ಉತ್ತರ ಆರ್ಸಾಕ್ಕೆ ಮಾತ್ರ ಕೊಟ್ಟ ಉತ್ತರವಾಗಿರಲಿಲ್ಲ. ಸುಮಾರು 400 ಹಳ್ಳಿಗಳು ಪೂರ್ತಿಯೋ ಅರ್ಧವೋ ಸುಟ್ಟುಹೋದವು. 7 ಲಕ್ಷಕ್ಕೂ ಹೆಚ್ಚು ಜನ ಕೆಲವೇ ತಿಂಗಳಲ್ಲಿ ಗಡಿ ದಾಟಿದರು. ಗಡಿಯಿಲ್ಲದ ವೈದ್ಯರ ಸಂಸ್ಥೆ ಮಾಡಿದ ಸಮೀಕ್ಷೆಯಂತೆ ಮೊದಲ ಒಂದು ತಿಂಗಳಲ್ಲೇ ಹಿಂಸೆಯಿಂದ ಸತ್ತವರು ಕನಿಷ್ಠ 6,700.

ಇನ್ ದಿನ್ ಎಂಬ ಹಳ್ಳಿಯಲ್ಲಿ ಸೆಪ್ಟೆಂಬರ್ 2ರಂದು ಹತ್ತು ಮಂದಿ ಗಂಡಸರನ್ನು ಕಟ್ಟಿ ಕೂರಿಸಿ, ಕೊಂದು, ಒಂದೇ ಗುಂಡಿಗೆ ಹಾಕಿದರು. ಇದನ್ನು ಹೊರಗೆ ತಂದವರು ರಾಯಿಟರ್ಸ್‌ನ ಇಬ್ಬರು ಬರ್ಮಾ ಪತ್ರಕರ್ತರು, ವಾ ಲೋನ್ ಮತ್ತು ಚಾ ಸೋ ಊ. ಅವರಿಗೆ ಏಳು ವರ್ಷ ಶಿಕ್ಷೆಯಾಯಿತು, 500ಕ್ಕೂ ಜಾಸ್ತಿ ದಿನ ಜೈಲಲ್ಲಿದ್ದು ಹೊರಬಂದರು. ಕೊಂದ ಏಳು ಸೈನಿಕರಿಗೆ ಹತ್ತು ವರ್ಷ ಶಿಕ್ಷೆ ಎಂದಾಯಿತು. ಅವರು ಒಂದು ವರ್ಷವೂ ತುಂಬುವ ಮೊದಲೇ ಮನೆಗೆ ಹೋದರು. ಸುದ್ದಿ ಬರೆದವರು ಕೊಂದವರಿಗಿಂತ ಜಾಸ್ತಿ ದಿನ ಒಳಗಿದ್ದರು.

ಈ ದ್ವೇಷ ಹರಡಿದ್ದರಲ್ಲಿ ಫೇಸ್‌ಬುಕ್ ಪಾತ್ರದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಕಂಪನಿಯೇ 2018ರಲ್ಲಿ ನಾವು ಸಾಕಷ್ಟು ಮಾಡಲಿಲ್ಲ ಎಂದು ಒಪ್ಪಿಕೊಂಡಿತು. ನನಗೆ ನೆನಪಿನಲ್ಲಿ ಉಳಿದದ್ದು ಒಂದು ಸಣ್ಣ ವಿಷಯ. ಬರ್ಮೀ ಭಾಷೆಯಲ್ಲಿ ಭಾರತದ ಕಡೆಯವರಂತೆ ಕಾಣುವವರನ್ನು ಹಂಗಿಸಲು 'ಕಲಾ' ಎನ್ನುತ್ತಾರೆ. ನೀವು ನಾನು ಹೋದರೂ ಅದೇ ಹೆಸರು. 2017ರಲ್ಲಿ ಫೇಸ್‌ಬುಕ್ ಆ ಪದಕ್ಕೆ ನಿಷೇಧ ಹಾಕಿತು. ಬರ್ಮೀಯರು ಕಡಲೆಬೇಳೆಗೆ ಅನ್ನುವುದು 'ಕಲಾಪೆ'. ಸರಿ, ಬೇಳೆ ಬಗ್ಗೆ ಬರೆದವರ ಪೋಸ್ಟುಗಳೂ ಮಾಯವಾದವು. ಊರು ಸುಡಿ ಎಂದು ಬೇರೆ ಮಾತಿನಲ್ಲಿ ಬರೆದವರ ಪೋಸ್ಟುಗಳು ಆರಾಮಾಗಿ ಓಡಾಡುತ್ತಿದ್ದವು. ಭಾಷೆ ಗೊತ್ತಿಲ್ಲದವರ ಕೈಗೆ ಊರಿನ ಚಾವಡಿ ಕೊಟ್ಟರೆ ಹೀಗೇ ಆಗುವುದು.

ನದಿ ದಾಟಿದವರು ಬಂದು ಸೇರಿದ್ದು ಬಾಂಗ್ಲಾದ ಕಾಕ್ಸ್ ಬಜಾರ್ ಜಿಲ್ಲೆಗೆ. ಈ ಹೆಸರಿನ ಹಿಂದೆಯೂ ನಿರಾಶ್ರಿತರೇ ಇದ್ದಾರೆ. ಬೊದಾವ್‌ಪಯನ ದಂಡಿಗೆ ಹೆದರಿ ಓಡಿಬಂದ ಅರಕಾನಿಗರಿಗೆ ನೆಲೆ ಮಾಡಿಕೊಡಲು ಕಂಪನಿ ಸರ್ಕಾರ ಕ್ಯಾಪ್ಟನ್ ಹಿರಾಮ್ ಕಾಕ್ಸ್ ಎಂಬಾತನನ್ನು ಕಳಿಸಿತ್ತು. 1799ರಲ್ಲಿ ಅವನು ಅಲ್ಲೇ ತೀರಿಕೊಂಡ. ಅವನ ಹೆಸರಿನ ಸಂತೆ ಇವತ್ತಿನ ಕಾಕ್ಸ್ ಬಜಾರ್. ಆಗ ಬಂದವರಲ್ಲಿ ಬಹಳ ಜನ ರಖೈನ್ ಬೌದ್ಧರು. ದಿಕ್ಕು ಅದೇ, ನದಿ ಅದೇ.

ಇಲ್ಲಿ ಈಗ 33 ಶಿಬಿರ, 11 ಲಕ್ಷಕ್ಕೂ ಹೆಚ್ಚು ಜನ. ಆನೆ ಓಡಾಡುತ್ತಿದ್ದ ಗುಡ್ಡಗಳನ್ನು ಬೋಳಿಸಿ ಕಟ್ಟಿದ ಬಿದಿರು-ಟಾರ್ಪಾಲಿನ ಗುಡಿಸಲುಗಳು. ಗಟ್ಟಿ ಗೋಡೆ ಕಟ್ಟಲು ಬಿಡುವುದಿಲ್ಲ, ಕಟ್ಟಿದರೆ ಇಲ್ಲೇ ಉಳಿದಾರು ಎಂಬ ಭಯ. ಮಳೆಗಾಲಕ್ಕೆ ಗುಡ್ಡ ಜರಿಯುತ್ತದೆ, ಬೇಸಿಗೆಗೆ ಬೆಂಕಿ. 2021ರ ಮಾರ್ಚ್‌ನ ಒಂದೇ ಬೆಂಕಿಗೆ ಸುಮಾರು 45,000 ಜನ ಸೂರು ಕಳೆದುಕೊಂಡರು. ಶಿಬಿರದ ಒಳಗೆ ಒಂದೊಂದು ಬ್ಲಾಕಿಗೆ ಒಬ್ಬ 'ಮಾಝಿ', ನಮ್ಮ ಕಡೆಯ ಮೇಸ್ತ್ರಿ ಇದ್ದಂತೆ. ಯಾರ ಮನೆಗೆ ಗ್ಯಾಸ್ ಸಿಲಿಂಡರ್ ಬಂತು, ಯಾರ ಮನೆಯಲ್ಲಿ ಜ್ವರ, ಎಲ್ಲ ಅವನಿಗೆ ಗೊತ್ತು. ಹೊರಗೆ ಹೋಗಿ ದುಡಿಯುವಂತಿಲ್ಲ. ಊಟಕ್ಕೆ ರೇಷನ್ ಕಾರ್ಡೇ ಗತಿ. ಅದರಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಬರುತ್ತಿತ್ತು. 2023ರಲ್ಲಿ ದುಡ್ಡಿಲ್ಲ ಎಂದು ಮೊದಲು 10, ಆಮೇಲೆ 8 ಮಾಡಿದರು. 8 ಡಾಲರ್ ಎಂದರೆ ದಿನಕ್ಕೆ ಸುಮಾರು 22 ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿಗೂ ಸಾಲದು. ಆಮೇಲೆ ಮತ್ತೆ ಏರಿಸಿದರು. 2025ರ ಮಾರ್ಚ್‌ನಲ್ಲಿ 6ಕ್ಕೆ ಇಳಿಸುತ್ತೇವೆ ಎಂದು ಹೇಳಿ, ಕೊನೆ ಗಳಿಗೆಯಲ್ಲಿ ಹೇಗೋ ತಪ್ಪಿತು. ಅದೇ ವರ್ಷ ದುಡ್ಡಿನ ಕೊರತೆಯಿಂದ ಯುನಿಸೆಫ್ ನಡೆಸುತ್ತಿದ್ದ ಕಲಿಕಾ ಕೇಂದ್ರಗಳಿಗೆ ಬೀಗ ಬಿತ್ತು. ಸುಮಾರು 2.3 ಲಕ್ಷ ಮಕ್ಕಳ ಪಾಠ ನಿಂತಿತು.

ಇಂಥ ಕಡೆ ದಲಾಲ್‌ಗಳಿಗೆ ಕೆಲಸ ಕಮ್ಮಿ ಇರುವುದಿಲ್ಲ. 'ದಲಾಲ್' ಎಂಬ ಮಾತು ಅಲ್ಲೂ ಅದೇ ಅರ್ಥದಲ್ಲಿ ಓಡುತ್ತದೆ. ಮಲೇಷ್ಯಾಕ್ಕೆ, ಇಂಡೋನೇಷ್ಯಾಕ್ಕೆ ದೋಣಿ ಹತ್ತಿಸುತ್ತಾರೆ. 2023ರಲ್ಲಿ ಹೀಗೆ ಹೊರಟ ಸುಮಾರು 4,500 ಮಂದಿಯಲ್ಲಿ 569 ಜನ ಸತ್ತರು ಅಥವಾ ಕಾಣೆಯಾದರು. ಎಂಟು ಜನಕ್ಕೆ ಒಬ್ಬರು.

ಬಾಂಗ್ಲಾದವರನ್ನು ದೂರುವುದು ಸುಲಭ. ಆದರೆ ಉಖಿಯಾ, ಟೆಕ್ನಾಫ್ ತಾಲ್ಲೂಕುಗಳಲ್ಲಿ ಊರವರಿಗಿಂತ ಬಂದವರೇ ಜಾಸ್ತಿ. ಕೂಲಿ ದರ ಇಳಿಯಿತು, ಕಾಡು ಹೋಯಿತು, ಯಾಬಾ ಎಂಬ ಮಾದಕ ಮಾತ್ರೆಯ ದಂಧೆ ಬೆಳೆಯಿತು, ರಾತ್ರಿ ಬಂದೂಕಿನ ಗುಂಪುಗಳ ಕಾಟ. ಊರಿಗೆ ವಾಪಸು ಹೋಗೋಣ ಎಂದು ಜನರನ್ನು ಒಗ್ಗೂಡಿಸುತ್ತಿದ್ದ ಮೊಹಿಬುಲ್ಲಾ ಎಂಬ ಮೇಷ್ಟ್ರನ್ನು 2021ರ ಸೆಪ್ಟೆಂಬರಿನಲ್ಲಿ ಶಿಬಿರದೊಳಗೇ ಗುಂಡಿಕ್ಕಿ ಕೊಂದರು.

ಈಗ ಆಟವೇ ಬದಲಾಗಿದೆ. 2021ರ ಫೆಬ್ರವರಿಯಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿಯಿತು, ದೇಶದ ತುಂಬ ಅಂತರ್ಯುದ್ಧ. ರಖೈನ್ ಬೌದ್ಧರ ಸಶಸ್ತ್ರ ಪಡೆ ಅರಕಾನ್ ಆರ್ಮಿ 2023ರ ನವೆಂಬರಿನಿಂದ ಒಂದೊಂದೇ ಊರು ಗೆಲ್ಲುತ್ತ ಬಂತು. ಸೋಲುತ್ತಿದ್ದ ಸೇನೆ ಆಗ ಏನು ಮಾಡಿತು ಗೊತ್ತಾ? ನೀವು ನಮ್ಮವರೇ ಅಲ್ಲ ಎಂದು ಓಡಿಸಿದ ರೋಹಿಂಗ್ಯಾ ಹುಡುಗರನ್ನೇ ಹಿಡಿದು ತಂದು, ಎರಡು ವಾರ ತರಬೇತಿ ಕೊಟ್ಟು, ಮುಂದೆ ನಿಲ್ಲಿಸಿತು. ಕೆಲವರಿಗೆ ಪೌರತ್ವದ ಕಾರ್ಡು ಕೊಡುತ್ತೇವೆ ಎಂಬ ಆಸೆ ಬೇರೆ. ಅದರ ಸೇಡು ಊರವರ ಮೇಲೆ ತೀರಿತು. 2024ರ ಮೇ ತಿಂಗಳಲ್ಲಿ ಬುಥಿದಾಂಗ್ ಪಟ್ಟಣ ಉರಿಯಿತು. ಆಗಸ್ಟ್ 5ರಂದು ನಾಫ್ ದಡದಲ್ಲಿ ದೋಣಿಗೆ ಕಾಯುತ್ತಿದ್ದ ಸಂಸಾರಗಳ ಮೇಲೆ ಡ್ರೋನ್‌ಗಳಿಂದ ಬಾಂಬು ಬಿತ್ತು. ಬದುಕುಳಿದವರು ಬೆರಳು ತೋರಿಸಿದ್ದು ಅರಕಾನ್ ಆರ್ಮಿಯ ಕಡೆಗೆ, ಅದು ಒಪ್ಪಿಲ್ಲ. ಡಿಸೆಂಬರಿನಲ್ಲಿ ಮೌಂಗ್‌ಡಾ ಬಿದ್ದು, ಬಾಂಗ್ಲಾ ಗಡಿಯುದ್ದಕ್ಕೂ ಅರಕಾನ್ ಆರ್ಮಿಯ ಬಾವುಟ ಹಾರಿತು. 2024ರ ಶುರುವಿನಿಂದ ಒಂದೂವರೆ ವರ್ಷದಲ್ಲಿ ಹೊಸದಾಗಿ ಸುಮಾರು 1.5 ಲಕ್ಷ ಜನ ಶಿಬಿರಕ್ಕೆ ಬಂದರು.

ನಮ್ಮ ದೇಶಕ್ಕೂ ಇದರಲ್ಲಿ ಲೆಕ್ಕಾಚಾರ ಇದೆ. ಸಿಟ್ವೆ ಬಂದರಿನಿಂದ ಮಿಜೋರಾಂಗೆ ದಾರಿ ಮಾಡುವ ಕಲಾದಾನ್ ಯೋಜನೆ ಹಾದುಹೋಗುವ ಪಲೆತ್ವಾ ಈಗ ಅರಕಾನ್ ಆರ್ಮಿಯ ಕೈಯಲ್ಲಿದೆ. ದೆಹಲಿ ಈ ವಿಷಯದಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಭಾರತದಲ್ಲಿ ಇರುವ ರೋಹಿಂಗ್ಯಾಗಳು ಎಷ್ಟು? ಸರ್ಕಾರ 2017ರಲ್ಲಿ ಹೇಳಿದ ಅಂದಾಜು 40,000. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಹೆಸರು ಬರೆಸಿದವರು 20,000ಕ್ಕೂ ಸ್ವಲ್ಪ ಜಾಸ್ತಿ. ಜಮ್ಮು, ಹೈದರಾಬಾದ್, ದೆಹಲಿ, ಹರಿಯಾಣದ ನೂಹ್ ಕಡೆ ಹೆಚ್ಚು. ಬೆಂಗಳೂರಿನದ್ದು ಎಷ್ಟು ಅಂದುಕೊಂಡಿರಿ? 2021ರಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ನಗರದಲ್ಲಿ ಗುರುತಿಸಿದವರ ಸಂಖ್ಯೆ 72. ಇವರನ್ನು ಸದ್ಯ ಗಡಿಪಾರು ಮಾಡುವ ಯೋಜನೆ ಇಲ್ಲ ಎಂದು ಮೊದಲು ಬರೆದರು. ಗದ್ದಲವಾಯಿತು. ಕೆಲವೇ ದಿನದಲ್ಲಿ, ಕೋರ್ಟು ಹೇಳಿದಂತೆ ಕೇಳುತ್ತೇವೆ ಎಂದು ತಿದ್ದಿ ಕೊಟ್ಟರು. ವಾಟ್ಸಾಪಿನಲ್ಲಿ ಓಡಾಡುವ ಲಕ್ಷಗಳ ಲೆಕ್ಕಕ್ಕೂ ಈ 72ಕ್ಕೂ ತಾಳೆ ಹಾಕಿ ನೋಡಿ. ಪೊಲೀಸರ ಕಣ್ಣಿಗೆ ಬೀಳದವರು ಇರಬಹುದು ಎಂದೇ ಇಟ್ಟುಕೊಳ್ಳೋಣ, ಆದರೂ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಎಂದು ಹೇಳಿ ಶೆಡ್ಡುಗಳನ್ನು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ಯಾರು ಅತಿಥಿ, ಯಾರು ನುಸುಳುಕೋರ ಎಂದು ಆಯಾ ಕಾಲದ ಸರ್ಕಾರವೇ ತೀರ್ಮಾನಿಸುತ್ತದೆ. 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡಿನಲ್ಲೂ ಕೊಟ್ಟಿತು. ಸಿಂಧನೂರಿನ ಬಂಗಾಳಿ ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ಬಂದವರಿಗಾಗಿ ಆದವು. ಆಗಲೂ ನಿರಾಶ್ರಿತರ ಕಾನೂನು ಇರಲಿಲ್ಲ, ಈಗಲೂ ಇಲ್ಲ. ಬೇರೆಯಾದದ್ದು ಮನಸ್ಸು. ಅದಕ್ಕೆ ಕಾರಣ ಭದ್ರತೆ ಎನ್ನುವವರಿದ್ದಾರೆ, ಧರ್ಮ ಎನ್ನುವವರಿದ್ದಾರೆ. ನನಗೆ ಎರಡನೆಯದೇ ಹೆಚ್ಚು ಎನಿಸುತ್ತದೆ.

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ವಿಧಿವತ್ತಾದ ಕ್ರಮ ಪಾಲಿಸಿ ಗಡಿಪಾರು ಮಾಡಬಹುದು ಎಂದಿತು. 2025ರ ಮೇ ತಿಂಗಳಲ್ಲಿ ಭಯಂಕರವಾದ ಆರೋಪವೊಂದು ಬಂತು. ದೆಹಲಿಯಲ್ಲಿ ಹಿಡಿದ ಸುಮಾರು 40 ಮಂದಿಯನ್ನು ಅಂಡಮಾನಿಗೆ ಒಯ್ದು, ಅಲ್ಲಿಂದ ಹಡಗಿನಲ್ಲಿ ಮ್ಯಾನ್ಮಾರ್ ಕರಾವಳಿಯ ಹತ್ತಿರ ಕರೆದುಕೊಂಡು ಹೋಗಿ, ಲೈಫ್ ಜಾಕೆಟ್ ಹಾಕಿ ಸಮುದ್ರಕ್ಕೆ ಇಳಿಸಿದರು ಎಂದು. ವಿಶ್ವಸಂಸ್ಥೆಯ ಮಾನವ ಹಕ್ಕು ವರದಿಗಾರರು ತನಿಖೆ ಶುರು ಮಾಡಿದರು. ಸುಪ್ರೀಂ ಕೋರ್ಟು ಇದನ್ನು ನಂಬಲು ಪುರಾವೆ ಎಲ್ಲಿ ಎಂದು ಕೇಳಿತು. ಜುಲೈನಲ್ಲಿ ಅದೇ ಕೋರ್ಟು ಮೂಲ ಪ್ರಶ್ನೆಯನ್ನೇ ಎತ್ತಿಕೊಂಡಿತು: ಇವರು ನಿರಾಶ್ರಿತರೋ, ಅಕ್ರಮವಾಗಿ ಬಂದವರೋ?

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಇನ್ನೊಂದು ಮೊಕದ್ದಮೆ ಇದೆ. ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ 2019ರಲ್ಲಿ ಮ್ಯಾನ್ಮಾರ್ ಮೇಲೆ ನರಮೇಧದ ಕೇಸು ಹಾಕಿತು. ಆಗ ಸೇನೆಯ ಪರ ವಾದಿಸಲು ಹೋದವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ, ಆಗ ಸರ್ಕಾರ ನಡೆಸುತ್ತಿದ್ದ ಸಾಕ್ಷಾತ್ ಆಂಗ್ ಸಾನ್ ಸೂ ಚಿ. ಒಂದು ವರ್ಷ ಸ್ವಲ್ಪ ದಾಟುವಷ್ಟರಲ್ಲಿ ಅದೇ ಸೇನೆ ಅವರನ್ನು ಬಂಧಿಸಿತು.

ವಾಪಸು ಕಳಿಸಿದರೆ ಆಯಿತಪ್ಪ ಎನ್ನುವವರಿಗೆ ಒಂದು ಮಾತು ನೆನಪು ಮಾಡಬೇಕು. ಕಳಿಸಿ ನೋಡಿಯಾಗಿದೆ, ಅದೂ ಎರಡು ಸಲ. 1978ರಲ್ಲಿ ಬಂದವರು ಹೋಗಲು ಒಪ್ಪದಿದ್ದಾಗ ಶಿಬಿರದ ರೇಷನ್ ಬಿಗಿ ಮಾಡಿದರು. ಸುಮಾರು 10,000 ಜನ ಸತ್ತರು, ಹೆಚ್ಚಿನವರು ಮಕ್ಕಳು. ಉಳಿದವರಲ್ಲಿ ಬಹುಪಾಲು ಹೋದರು. 1990ರ ದಶಕದಲ್ಲೂ 2 ಲಕ್ಷಕ್ಕೂ ಜಾಸ್ತಿ ಜನ ಹೋದರು. ಕಾರ್ಡು ಕೊಡದೆ ಕರೆದುಕೊಂಡ ಅದೇ ಜನ, ಅವರ ಮಕ್ಕಳು, 2017ರಲ್ಲಿ ಮತ್ತೆ ಓಡಿಬಂದರು.

2019ರ ಆಗಸ್ಟ್ 22ರಂದು ಮತ್ತೊಂದು ಪ್ರಯತ್ನ ನಡೆಯಿತು. ಮ್ಯಾನ್ಮಾರ್ 3,450 ಹೆಸರುಗಳಿಗೆ ಒಪ್ಪಿಗೆ ಕೊಟ್ಟಿತ್ತು. ಟೆಕ್ನಾಫಿನ ಶಿಬಿರದ ಮುಂದೆ ಬಸ್ಸುಗಳು, ಸಾಮಾನಿಗೆ ಲಾರಿಗಳು ಬೆಳಿಗ್ಗೆಯೇ ಬಂದು ನಿಂತವು. ಅಧಿಕಾರಿಗಳು, ಕ್ಯಾಮೆರಾ ಹಿಡಿದವರು ಎಲ್ಲ ಸೇರಿದ್ದರು. ಜನ ಕೇಳಿದ್ದು ಒಂದೇ, ಪೌರತ್ವ ಕೊಡುತ್ತೀರಾ? ಅಲ್ಲಿಯವರು ಕೊಡುತ್ತೇವೆ ಎಂದದ್ದು ಪರಿಶೀಲನಾ ಕಾರ್ಡು. ಅದನ್ನು ತೆಗೆದುಕೊಂಡರೆ ನಾವೇ ಪರದೇಶಿಗಳು ಎಂದು ಒಪ್ಪಿದ ಹಾಗೆ ಎನ್ನುವುದು ಇವರ ಲೆಕ್ಕ. ಸಂಜೆಯವರೆಗೆ ಒಬ್ಬರೂ ಬಸ್ಸು ಹತ್ತಲಿಲ್ಲ.

2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ಬಿಮ್‌ಸ್ಟೆಕ್ ಎಂಬ ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟದ ಸಭೆಯ ಹೊತ್ತಿಗೆ ಮ್ಯಾನ್ಮಾರಿನ ಸೇನಾ ಸರ್ಕಾರ ಹೊಸ ಲೆಕ್ಕ ಕೊಟ್ಟಿತು. ಬಾಂಗ್ಲಾ ಕಳಿಸಿದ್ದ 8 ಲಕ್ಷ ಹೆಸರುಗಳ ಪಟ್ಟಿಯಲ್ಲಿ 1.8 ಲಕ್ಷ ಜನ ವಾಪಸು ಬರಲು ಅರ್ಹರು ಎಂದಿತು. ಪಟ್ಟಿಗೆ ಸಹಿ ಹಾಕಿದವರ ಕೈಯಲ್ಲಿ ಆ ಹೊತ್ತಿಗೆ ಮೌಂಗ್‌ಡಾವೂ ಇರಲಿಲ್ಲ, ಬುಥಿದಾಂಗೂ ಇರಲಿಲ್ಲ.